ಶೆರಿಫ್ ಎಂದರೆ ಪೊಲೀಸರೇ, ಅಮೀನರೇ?

ಪ್ರಶ್ನೆ: ನಮಸ್ಕಾರ. ನಾಲ್ಕು ತಿಂಗಳ ಹಿಂದೆ ಹುಬ್ಬಳ್ಳಿಯಿಂದ ಕ್ಯಾಲಿಫೋರ್ನಿಯಾದ ಕುಪರ್ಟಿನೋಗೆ ಬಂದು ನೆಲೆಸಿದ್ದೇವೆ. ಇಲ್ಲಿ ಗಸ್ತು ತಿರುಗುವ ವಾಹನಗಳ ಮೇಲೆ ‘ಶೆರಿಫ್’ ಎಂದು ಬರೆದಿರುತ್ತದೆ. ನಿನ್ನೆ ನಮ್ಮ ಕಟ್ಟಡದ ಒಂದು ಮನೆಯ ಬಾಗಿಲಿಗೆ, ಐದು ದಿನಗಳೊಳಗೆ ಮನೆ ತೆರವು ಮಾಡಬೇಕೆಂಬ ನೋಟಿಸನ್ನು ಅಂಟಿಸಿದ್ದರು. ಅದರ ಮೇಲೂ ಶೆರಿಫರ ಹೆಸರೇ ಇತ್ತು. ಬಾಡಿಗೆ ವ್ಯಾಜ್ಯದಲ್ಲಿ ಪೊಲೀಸರಿಗೇನು ಕೆಲಸ? ಗುಂಪಿನಲ್ಲಿರುವ ವಕೀಲರು ದಯವಿಟ್ಟು ತಿಳಿಸಬೇಕು.

ಉತ್ತರ (ವಕೀಲರು): ನಮಸ್ಕಾರ. ನಮ್ಮ ಊರುಗಳಲ್ಲಿ ಪೊಲೀಸ್ ಠಾಣೆ, ನ್ಯಾಯಾಲಯದ ಆದೇಶ ಜಾರಿ ಮಾಡುವ ಅಮೀನರು, ಕಾರಾಗೃಹ ಇಲಾಖೆ ಮೂರೂ ಬೇರೆ ಬೇರೆ. ಇಲ್ಲಿ ಆ ಮೂರೂ ಕೆಲಸಗಳು ಕೌಂಟಿಯ, ಅಂದರೆ ನಮ್ಮ ಜಿಲ್ಲೆಯಂಥ ಆಡಳಿತ ವಿಭಾಗದ, ಮತದಾರರು ಆರಿಸಿದ ಒಬ್ಬ ಅಧಿಕಾರಿಯ ಕೈಕೆಳಗಿವೆ. ನೀವು ಬಾಗಿಲ ಮೇಲೆ ಕಂಡದ್ದು ಶೆರಿಫರ ಅಮೀನಗಿರಿ. ಮಾಲೀಕರು ತೆರವಿನ ದಾವೆ ಗೆದ್ದ ಮೇಲೆ ನ್ಯಾಯಾಲಯವು ಸ್ವಾಧೀನದ ವಾರಂಟ್ ಹೊರಡಿಸುತ್ತದೆ. ಅದನ್ನು ಜಾರಿ ಮಾಡುವ ಡೆಪ್ಯುಟಿ (ಶೆರಿಫರ ಕೈಕೆಳಗಿನ ಅಧಿಕಾರಿ) ಮೊದಲು ಐದು ದಿನಗಳ ನೋಟಿಸು ಅಂಟಿಸಿ, ಅವಧಿ ಕಳೆದರೂ ಮನೆ ಖಾಲಿಯಾಗದಿದ್ದರೆ ಮರಳಿ ಬಂದು, ಒಳಗಿರುವವರನ್ನು ಹೊರಗೆ ಕಳುಹಿಸಿ ಮನೆಯನ್ನು ಮಾಲೀಕರ ವಶಕ್ಕೆ ಕೊಡುತ್ತಾರೆ. ಮಾಲೀಕರು ತಾವಾಗಿಯೇ ಬೀಗ ಬದಲಿಸುವುದು ಈ ರಾಜ್ಯದಲ್ಲಿ ಕಾನೂನುಬಾಹಿರ; ಇಲ್ಲಿ ಮನೆ ಕೊಂಡು ಬಾಡಿಗೆಗೆ ಕೊಡುವ ನಮ್ಮವರೂ ಇದನ್ನು ಮರೆಯಬಾರದು.

ಇನ್ನು ಗಸ್ತಿನ ಮಾತು. ಕುಪರ್ಟಿನೋ ನಗರಕ್ಕೆ ಸ್ವಂತ ಪೊಲೀಸ್ ಇಲಾಖೆಯಿಲ್ಲ. ಸಾರಟೋಗಾ, ಲಾಸ್ ಆಲ್ಟೋಸ್ ಹಿಲ್ಸ್‌ಗಳಂತೆ ಅದೂ ಹಣ ಕೊಟ್ಟು, ಕರಾರಿನ ಮೇಲೆ ಸಾಂಟಾ ಕ್ಲಾರಾ ಕೌಂಟಿಯ ಶೆರಿಫರ ಸೇವೆ ಪಡೆಯುತ್ತದೆ. ಯಾವ ನಗರಾಡಳಿತಕ್ಕೂ ಸೇರದ ಪ್ರದೇಶಗಳಲ್ಲಂತೂ ಗಸ್ತು ಅವರದೇ.

ಈ ಹುದ್ದೆ ಪೊಲೀಸ್ ಇಲಾಖೆಗಳಿಗಿಂತ ಬಹಳ ಹಳೆಯದು. ಇಂಗ್ಲೆಂಡಿನಲ್ಲಿ ‘ಶೈರ್’ ಎಂದರೆ ಜಿಲ್ಲೆ, ‘ರೀವ್’ ಎಂದರೆ ಅದರ ಮೇಲೆ ರಾಜನ ಪರವಾಗಿ ನಿಂತ ಅಧಿಕಾರಿ. ಎರಡೂ ಕೂಡಿ ಶೆರಿಫ್ ಆಯಿತು. ಕಂದಾಯ ವಸೂಲಿ, ಅಪರಾಧಿಗಳ ದಸ್ತಗಿರಿ, ಆಜ್ಞೆಗಳ ಜಾರಿ ಎಲ್ಲವೂ ಅವನದೇ ಆಗಿದ್ದವೆಂದರೆ ನನಗೆ ಹಳೇ ಮೈಸೂರಿನ ಅಮಲ್ದಾರರ ನೆನಪಾಗುತ್ತದೆ. ಅವನ ಕಾಟ ಎಷ್ಟಿತ್ತೆಂದರೆ, ಸ್ವತಂತ್ರ ಮನುಷ್ಯನ ಕುದುರೆಯನ್ನಾಗಲಿ ಬಂಡಿಯನ್ನಾಗಲಿ ಒಪ್ಪಿಗೆಯಿಲ್ಲದೆ ಸಾಗಾಟಕ್ಕೆ ಎಳೆದುಕೊಳ್ಳಬಾರದೆಂದು ಇಂಗ್ಲೆಂಡಿನ ರಾಜ ಒಪ್ಪಿದ 1215ರ ಹಕ್ಕುಪತ್ರವಾದ ಮ್ಯಾಗ್ನಾ ಕಾರ್ಟಾದಲ್ಲಿ ಶೆರಿಫನನ್ನು ಹೆಸರಿಸಿಯೇ ಬರೆಯಬೇಕಾಯಿತು. 1634ರಲ್ಲಿ ವರ್ಜೀನಿಯಾ ವಸಾಹತನ್ನು ಎಂಟು ಶೈರ್‌ಗಳಾಗಿ ವಿಂಗಡಿಸಿದಾಗ ಹುದ್ದೆ ಅಮೆರಿಕದಲ್ಲಿ ಬೇರೂರಿತು. ರಾಜನಿಲ್ಲದ ನೆಲದಲ್ಲಿ ನೇಮಕದ ಅಧಿಕಾರ ಕ್ರಮೇಣ ಮತದಾರರಿಗೆ ಬಂತು. ಕ್ಯಾಲಿಫೋರ್ನಿಯಾದ ಸಂವಿಧಾನವೇ ಕೌಂಟಿಗಳಿಗೆ ಚುನಾಯಿತ ಶೆರಿಫ್ ಇರಬೇಕೆನ್ನುತ್ತದೆ. ಕಂದಾಯದ ಕೆಲಸವೂ ಪೂರ್ತಿ ಅಳಿದಿಲ್ಲ. ಕೆಂಟಕಿಯಲ್ಲಿ ಆಸ್ತಿ ತೆರಿಗೆಯನ್ನು ಇಂದಿಗೂ ಶೆರಿಫರೇ ವಸೂಲು ಮಾಡುತ್ತಾರೆ.

ಮರುಪ್ರಶ್ನೆ: ಧನ್ಯವಾದಗಳು ಸರ್. ಚುನಾಯಿತರಾದ ಶೆರಿಫರು ತಪ್ಪು ಮಾಡಿದರೆ ತೆಗೆಯುವವರು ಯಾರು? ಮುಂಬೈಯಲ್ಲಿದ್ದ ಶೆರಿಫ್ ಹುದ್ದೆಯೂ ಇದೇ ಏನು?

ಉತ್ತರ: ನನ್ನ ದೃಷ್ಟಿಯಲ್ಲಿ ಈ ವ್ಯವಸ್ಥೆಯ ದುರ್ಬಲ ಜಾಗ ಇದೇ. ಕೌಂಟಿಯ ಮೇಲ್ವಿಚಾರಕ ಮಂಡಳಿಯು ಶೆರಿಫರ ಆಯವ್ಯಯವನ್ನು ನಿರ್ಧರಿಸಬಲ್ಲದು, ಆದರೆ ಪೊಲೀಸ್ ಮುಖ್ಯಸ್ಥರನ್ನು ನಗರಾಡಳಿತ ಬದಲಿಸುವಂತೆ ಅವರನ್ನು ಬದಲಿಸಲಾರದು. ಮತದಾರರೇ ಮತ ಹಾಕಿ ಹಿಂದಕ್ಕೆ ಕರೆಸಬೇಕು, ಇಲ್ಲವೇ ಗ್ರ್ಯಾಂಡ್ ಜ್ಯೂರಿಯ (ನಾಗರಿಕರ ತನಿಖಾ ಮಂಡಳಿಯ) ಆರೋಪದ ಮೇಲೆ ವಿಚಾರಣೆ ನಡೆಯಬೇಕು. ಇದು ಸಾಲದೆಂದೇ 2025ರಲ್ಲಿ ಸ್ಯಾನ್ ಮಟೆಯೋ ಕೌಂಟಿಯ ಮತದಾರರು, ಸಕಾರಣವಿದ್ದರೆ ಶೆರಿಫರನ್ನು ತೆಗೆಯುವ ಅಧಿಕಾರವನ್ನು ತಮ್ಮ ಮಂಡಳಿಗೆ ತಾತ್ಕಾಲಿಕವಾಗಿ ಕೊಟ್ಟರು. ಮುಂಬೈಯದು ಬ್ರಿಟಿಷರು ಬಿಟ್ಟುಹೋದ ಅದೇ ಹೆಸರು. ಅಲ್ಲಿ ಅದು ಗಣ್ಯ ನಾಗರಿಕರಿಗೆ ಸಲ್ಲುವ ಗೌರವ ಹುದ್ದೆಯಾಯಿತೇ ಹೊರತು ಠಾಣೆಯಾಗಲಿ ಜೈಲಾಗಲಿ ಅದರ ಕೈಯಲ್ಲಿಲ್ಲ.

ಆ ಮನೆಯವರು ನಿಮಗೆ ಪರಿಚಿತರಾಗಿದ್ದರೆ, ಕಾಲಾವಕಾಶ ಕೇಳಬೇಕಾದದ್ದು ನ್ಯಾಯಾಲಯದಲ್ಲಿ, ಬಾಗಿಲಿಗೆ ಬರುವ ಡೆಪ್ಯುಟಿಯ ಬಳಿ ಅಲ್ಲವೆಂದು ಇಂದೇ ತಿಳಿಸಿ.