ಕಾಕಟೂಗೆ ಕಾಳು ಬೇಡ ದೊಡ್ಡಪ್ಪ

ಗುಂಪು: ತೋಟದ ಮನೆ

ದೊಡ್ಡಪ್ಪ: ಈ ವಿಡಿಯೊ ಎಲ್ಲರೂ ನೋಡಿ. ಸಿಡ್ನಿಯಲ್ಲಿ ಒಬ್ಬ ಹುಡುಗ ಬಾಲ್ಕನಿಗೆ ಬಂದ ಬಿಳಿ ಗಿಣಿಗಳಿಗೆ ಕೈಯಾರೆ ಬ್ರೆಡ್ ತಿನ್ನಿಸುತ್ತಿದ್ದಾನೆ. ಪುಟ್ಟಿ, ನಿನ್ನ ಮನೆಗೂ ಇವು ಬರುತ್ತವೆ ಅಂದಿದ್ದೆಯಲ್ಲ? ನೀನೂ ದಿನಾ ಒಂದು ಹಿಡಿ ಕಾಳು ಹಾಕು. ಪರದೇಶದಲ್ಲಿ ಒಬ್ಬಳೇ ಇದ್ದೀಯ, ಜೊತೆಗೆ ಆಗುತ್ತೆ.

ಚಿಕ್ಕಮ್ಮ: ಎಷ್ಟು ಚೆಂದ! ಆ ಹಳದಿ ಜುಟ್ಟು ನೋಡಿ. ಸ್ಟೇಟಸ್‌ಗೆ ಹಾಕಿಕೊಂಡೆ.

ನಾನು: ದೊಡ್ಡಪ್ಪ, ದಯವಿಟ್ಟು ಇದನ್ನು ಬೇರೆ ಗುಂಪುಗಳಿಗೆ ಕಳಿಸಬೇಡಿ. ಇವು ಕಾಕಟೂ. ನನಗೂ ಇವನ್ನು ಕಂಡರೆ ತುಂಬ ಇಷ್ಟ. ಬೆಳಿಗ್ಗೆ ಕಿರುಚಿ ನನ್ನನ್ನು ಎಬ್ಬಿಸುವುದೇ ಇವು. ಆದರೆ ಕೈಯಿಂದ ತಿನ್ನಿಸುವುದು ಅವಕ್ಕೇ ಕೆಟ್ಟದ್ದು.

ದೊಡ್ಡಪ್ಪ: ಹಕ್ಕಿಗೆ ಅನ್ನ ಹಾಕಿದರೆ ಕೆಟ್ಟದ್ದಾ? ತಿಥಿ ದಿನ ಕಾಗೆಗೆ ಅನ್ನ ಇಟ್ಟು, ಅದು ಮುಟ್ಟುವವರೆಗೂ ಕಾಯುವ ಮನೆ ನಮ್ಮದು.

ನಾನು: ಅದು ವರ್ಷಕ್ಕೊಂದು ಸಲ. ದಿನಾ ಹಾಕಿದರೆ ಮಾತೇ ಬೇರೆ. ಇವಕ್ಕೆ ನಮ್ಮ ಅನ್ನದ ಕೊರತೆಯೂ ಇಲ್ಲ. ಹುಲ್ಲಿನ ಬೀಜ, ಗೆಡ್ಡೆ, ಬೇರು ಎಲ್ಲ ತಿನ್ನುತ್ತವೆ. ಪಾರ್ಕಿನ ಹುಲ್ಲಿನಲ್ಲಿ ಕೊಕ್ಕು ಊರಿ ಅಗೆಯುತ್ತಾ ಇರುತ್ತವೆ. ಎಂಥ ಬುದ್ಧಿ ಇದೆ ಅಂತ ಈ ವಿಡಿಯೊ ನೋಡಿ. ಇವತ್ತು ನಮ್ಮ ಬೀದಿಯಲ್ಲಿ ತೆಗೆದದ್ದು.

ಅಣ್ಣ: ಅರೆ, ಕಸದ ಡಬ್ಬಿ ಮುಚ್ಚಳ ತೆಗೀತಾ ಇದೆ!

ನಾನು: ಹೌದು ಅಣ್ಣ. ಕೆಂಪು ಮುಚ್ಚಳದ ಡಬ್ಬಿ ಅಂದರೆ ಮನೆಯ ಕಸದ್ದು. ಮುಚ್ಚಳದ ಅಂಚನ್ನು ಕೊಕ್ಕಿನಲ್ಲಿ ಎತ್ತಿ ಹಿಡಿಯುತ್ತೆ. ಹಾಗೇ ಡಬ್ಬಿಯ ಬಾಯಿಯ ಮೇಲೆ ಹಿಂದಿನ ಕೀಲಿನ ಕಡೆಗೆ ನಡೆಯುತ್ತೆ. ಆಗ ಮುಚ್ಚಳ ಮಗುಚಿ ಬೀಳುತ್ತೆ. ಇದನ್ನು ಆಸ್ಟ್ರೇಲಿಯನ್ ಮ್ಯೂಸಿಯಂನ ರಿಚರ್ಡ್ ಮೇಜರ್ ವಿಡಿಯೊ ಮಾಡಿ ಜೊತೆಯ ವಿಜ್ಞಾನಿಗಳಿಗೆ ತೋರಿಸಿದರಂತೆ. ಆಮೇಲೆ ಬಾರ್ಬರಾ ಕ್ಲಂಪ್, ಲೂಸಿ ಆಪ್ಲಿನ್ ಮತ್ತಿತರರು ಸೇರಿ ಊರಿನ ಜನರನ್ನೇ ಕೇಳಿ ಲೆಕ್ಕ ಹಾಕಿದರು. 2018ಕ್ಕೆ ಮುಂಚೆ ಬರೀ 3 ಬಡಾವಣೆಗಳಲ್ಲಿ ಇದ್ದ ವಿದ್ಯೆ 2019ರ ಕೊನೆಗೆ 44 ಬಡಾವಣೆಗಳಿಗೆ ಹಬ್ಬಿತ್ತು. ಒಂದನ್ನು ನೋಡಿ ಇನ್ನೊಂದು ಕಲಿಯುತ್ತೆ. ಎಲ್ಲವಕ್ಕೂ ಬರುವುದಿಲ್ಲ. ಗುರುತು ಹಾಕಿದ ಹಕ್ಕಿಗಳಲ್ಲಿ ಸುಮಾರು 10ರಲ್ಲಿ ಒಂದಕ್ಕೆ ಮಾತ್ರ ಬರುತ್ತಿತ್ತು, ಅವೂ ಹೆಚ್ಚಾಗಿ ಗಂಡು. ಉಳಿದವು ಪಕ್ಕದಲ್ಲಿ ಕಾದು ನಿಂತು ತಿನ್ನುತ್ತವೆ.

ಭಾವ: ಡಬ್ಬಿಗೆ ಬೀಗ ಹಾಕಿದರೆ ಮುಗೀತಲ್ಲ?

ನಾನು: ಆಗುವುದಿಲ್ಲ ಭಾವ. ಕಸದ ಲಾರಿ ಡಬ್ಬಿಯನ್ನು ಎತ್ತಿ ಬುಡಮೇಲು ಮಾಡಿದಾಗ ಮುಚ್ಚಳ ತಾನಾಗಿ ತೆರೆಯಬೇಕು. ಅದಕ್ಕೇ ಜನ ಮೊದಲು ಇಟ್ಟಿಗೆ ಇಟ್ಟರು. ಹಕ್ಕಿಗಳು ಇಟ್ಟಿಗೆ ತಳ್ಳುವುದನ್ನು ಕಲಿತವು. ಆಮೇಲೆ ನೀರು ತುಂಬಿದ ಬಾಟಲಿ ಕಟ್ಟಿದರು, ಕೀಲಿನ ಸಂದಿಗೆ ಹಳೇ ಶೂ ತುರುಕಿದರು. ನಮ್ಮ ಡಬ್ಬಿಗೂ ಬಾಟಲಿ ಕಟ್ಟಿದ್ದೇವೆ.

ದೊಡ್ಡಪ್ಪ: ನೋಡಿದೆಯಾ? ಕೊಳೆತ ಕಸ ತಿನ್ನುತ್ತಿವೆ ಪಾಪ. ಮರ ಕಡಿದು ಊರು ಕಟ್ಟಿದವರು ನಾವು. ನಾಲ್ಕು ಕಾಳು ಕೊಟ್ಟರೆ ನಮ್ಮ ಗಂಟೇನು ಹೋಗುತ್ತೆ?

ನಾನು: ದೊಡ್ಡಪ್ಪ, ಹೋದ ಸಲ ಆಗುಂಬೆ ಘಾಟಿಯಲ್ಲಿ ಕಾರಿನ ಕಿಟಕಿಯಿಂದ ಮಂಗಗಳಿಗೆ ಬಿಸ್ಕತ್ತು ಎಸೆಯುತ್ತಿದ್ದವರಿಗೆ ಬೈದವರು ಯಾರು? "ನೀವು ಎಸೆದು ಹೋಗ್ತೀರಿ, ಆಮೇಲೆ ಅನುಭವಿಸೋರು ನಾವು" ಅಂದಿರಿ. ಇಲ್ಲೂ ಅದೇ ಕಥೆ. ನಾನು ನವೆಂಬರ್‌ನಲ್ಲಿ ಪರೀಕ್ಷೆ ಮುಗಿಸಿ ಬಂದುಬಿಡುತ್ತೇನೆ. ಅನುಭವಿಸುವವರು ಪಕ್ಕದ ಮನೆಯವರು, ಆ ಹಕ್ಕಿಗಳು.

ದೊಡ್ಡಪ್ಪ: ಮಂಗಕ್ಕೂ ಇದಕ್ಕೂ ಹೋಲಿಸಬೇಡ. ಮಂಗ ಎಳೆ ಅಡಿಕೆ ಚೀಪಿ ಬಿಸಾಡುತ್ತೆ. ಬಾಳೆಗೊನೆ ಒಂದು ಬಿಡಲ್ಲ. ತೋಟ ಮಾಡಿದವನಿಗೆ ಗೊತ್ತು ಆ ಸಂಕಟ.

ನಾನು: ಇವು ಮರದ ಕಿಟಕಿ ಚೌಕಟ್ಟು, ಬಾಲ್ಕನಿಯ ಕಟಾಂಜನ ಕಡಿದು ಚೂರು ಮಾಡುತ್ತವೆ. ಕಾಳು ಸಿಗುವ ಮನೆಗೆ ಹಿಂಡಾಗಿ ಬರುತ್ತವೆ. ಒಂದು ದಿನ ಕಾಳು ಇಲ್ಲದಿದ್ದರೂ ಬಂದು ಕೂತು ಮರ ಕಡಿಯುತ್ತವೆ. ನಮ್ಮ ಎದುರು ಮನೆಯ ಕಿಟಕಿ ಹೀಗೇ ಹಾಳಾಗಿದೆ.

ಅಮ್ಮ: ಪುಟ್ಟಿ, ಅದಕ್ಕೆ ನೀನು ಬಾಡಿಗೆ ಮನೆಗೆ ಅಡ್ವಾನ್ಸ್ ಅಂತ ಕೊಟ್ಟ ಬಾಂಡ್ ದುಡ್ಡಲ್ಲಿ ಹಿಡಿದುಕೊಳ್ತಾರಾ? ನಾಲ್ಕು ವಾರದ ಬಾಡಿಗೆ ಅಲ್ವಾ ಕೊಟ್ಟಿದ್ದು?

ನಾನು: ಹೌದಮ್ಮ, ನಾನು ಕಾಳು ಹಾಕಿ ಕರೆಸಿಕೊಂಡರೆ ಹಿಡಿದುಕೊಳ್ಳಬಹುದು. ಆದರೆ ನನಗೆ ಜಾಸ್ತಿ ಸಂಕಟ ಆಗುವುದು ಬೇರೆಯದಕ್ಕೆ. ಕಾಕಟೂ ಇಲ್ಲಿ ರಕ್ಷಿತ ಹಕ್ಕಿ. ಆದರೂ ಮನೆಗೋ ಬೆಳೆಗೋ ಹಾನಿ ಆಗುತ್ತಿದ್ದರೆ, ಸರ್ಕಾರದಿಂದ ಲೈಸೆನ್ಸ್ ಪಡೆದು ಕೊಲ್ಲಲು ಕಾನೂನಿನಲ್ಲಿ ದಾರಿ ಇದೆ. ಒಬ್ಬರು ಪ್ರೀತಿಯಿಂದ ಕಾಳು ಹಾಕುತ್ತಾರೆ. ಇನ್ನೊಬ್ಬರ ಕಿಟಕಿ ಹೋಗುತ್ತೆ. ಕೊನೆಗೆ ಸಾಯುವುದು ಹಕ್ಕಿ.

ಅಣ್ಣ: ಇದು ಗೊತ್ತಿರಲಿಲ್ಲ.

ನಾನು: ಕಾಯಿಲೆಯೂ ಇದೆ ಅಣ್ಣ. ಗಿಣಿ ಜಾತಿಗೆ ಕೊಕ್ಕು ಮತ್ತು ಪುಕ್ಕ ಕೆಡಿಸುವ ಒಂದು ವೈರಸ್ ಬರುತ್ತೆ. ಪುಕ್ಕ ಉದುರಿ, ಕೊಕ್ಕು ವಿಕಾರವಾಗಿ ಬೆಳೆದು ಸಾಯುತ್ತವೆ. ಒಂದೇ ತಟ್ಟೆಗೆ ಹತ್ತಾರು ಹಕ್ಕಿ ಬಾಯಿ ಹಾಕಿದರೆ ಅದು ಬೇಗ ಹರಡುತ್ತೆ. ಬ್ರೆಡ್‌ನಲ್ಲಂತೂ ಅವಕ್ಕೆ ಬೇಕಾದ ಸತ್ವವೇ ಇಲ್ಲ.

ಭಾವ: ನಿನ್ನ ಸೈಕಲ್ ಹಿಂದೆ ಬಿದ್ದದ್ದೂ ಇದೇ ಹಕ್ಕಿನಾ?

ನಾನು: ಅಲ್ಲ ಭಾವ, ಅದು ಮ್ಯಾಗ್‌ಪೈ, ಕಪ್ಪು ಬಿಳುಪಿನದು. ಆಗಸ್ಟ್‌ನಿಂದ ಅಕ್ಟೋಬರ್ ಅದರ ಮರಿ ಮಾಡುವ ಕಾಲ. ಗಂಡು ಹಕ್ಕಿ ಗೂಡು ಕಾಯುತ್ತಾ ಹಿಂದಿನಿಂದ ಬಂದು ತಲೆಗೆ ಎರಗುತ್ತೆ. ಮುಖ ಕೂಡ ನೆನಪಿಟ್ಟುಕೊಳ್ಳುತ್ತೆ. ಆ ಮರದ ಹತ್ತಿರ ಇಳಿದು ಸೈಕಲ್ ತಳ್ಳಿಕೊಂಡು ಹೋಗುತ್ತೇನೆ, ಹೆಲ್ಮೆಟ್ ತೆಗೆಯುವುದಿಲ್ಲ. ಅದರ ಮೇಲೆ ನನಗೆ ಕೋಪ ಇಲ್ಲ. ಮರಿ ಇರುವ ಯಾವ ತಾಯ್ತಂದೆಯೂ ಮಾಡುವುದೇ ಅದು.

ಚಿಕ್ಕಮ್ಮ: ಅಜ್ಜಿ ಪಕ್ಕದಲ್ಲೇ ಕೂತು ಎಲ್ಲ ಓದಿಸಿಕೊಂಡರು. "ಕಾಳು ಬೇಡ ಅಂದರೆ ಬಿಡು, ಬಾಯಾರಿದ ಹಕ್ಕಿಗೆ ನೀರಾದರೂ ಇಡಬಹುದಾ ಕೇಳು" ಅಂತಿದ್ದಾರೆ.

ನಾನು: ಇಡಬಹುದು ಅಂತ ಹೇಳಿ ಚಿಕ್ಕಮ್ಮ. ನೀರಿಗೆ ಯಾರ ಅಡ್ಡಿಯೂ ಇಲ್ಲ. ಅಗಲ ತಟ್ಟೆಯಲ್ಲಿ ಇಟ್ಟು ದಿನಾ ತೊಳೆಯಬೇಕು, ಅಷ್ಟೇ. ಅಜ್ಜಿಗೆ ಇದನ್ನೂ ಹೇಳಿ. ಪಶ್ಚಿಮ ಸಿಡ್ನಿಯ ಪಾರ್ಕ್‌ಗಳಲ್ಲಿ ಕಾಕಟೂಗಳು ನಲ್ಲಿ ತಿರುಗಿಸಿ ನೀರು ಕುಡಿಯುತ್ತವೆ. ಹಿಡಿಯನ್ನು ಕಾಲಿನಿಂದ ತಿರುಗಿಸಿ, ಅದು ಹಿಂದಕ್ಕೆ ಹೋಗದ ಹಾಗೆ ಮೈಭಾರ ಬಿಟ್ಟು ಕುಡಿಯುತ್ತವೆ. 2025ರಲ್ಲಿ ಅದರ ಬಗ್ಗೆಯೂ ಅಧ್ಯಯನ ಬಂತು. ಸರದಿಗೆ ಬೇಲಿ ಮೇಲೆ ಕಾದು ಕೂರುತ್ತವೆ.

ದೊಡ್ಡಪ್ಪ: ಹಾಗಾದರೆ ಅವಕ್ಕೆ ನಾವು ಏನೂ ಮಾಡಬೇಕಿಲ್ಲ ಅಂತೀಯಾ?

ನಾನು: ಮರ ಉಳಿಸಬೇಕು ದೊಡ್ಡಪ್ಪ. ಮೊಟ್ಟೆ ಇಡಲು ಅವಕ್ಕೆ ಹಳೇ ನೀಲಗಿರಿ ಮರದ ದೊಡ್ಡ ಪೊಟರೆ ಬೇಕು. ಆ ಪೊಟರೆ ಆಗಲು ಎಷ್ಟೋ ದಶಕ ಹಿಡಿಯುತ್ತೆ. ಮರ ಕಡಿದು ಊರು ಕಟ್ಟಿದವರು ನಾವು ಅಂತ ನೀವು ಹೇಳಿದ್ದು ಸರಿ, ಜಾಗ ಅವುಗಳದ್ದೇ. ಅದಕ್ಕೇ ಅವು ನಮ್ಮ ಕೈ ಕಾಯದೆ ಅಲ್ಲಿ ಬದುಕಲಿ ಅಂತ ನನ್ನಾಸೆ.

ಚಿಕ್ಕಮ್ಮ: ಸ್ಟೇಟಸ್ ತೆಗೆದೆ.

ದೊಡ್ಡಪ್ಪ: ಬ್ರೆಡ್ ವಿಷಯ ಒಪ್ಪಿದೆ. ಕಾಳಿನ ವಿಷಯ ನನಗಿನ್ನೂ ಸಮಾಧಾನ ಇಲ್ಲ. ದೀಪಾವಳಿಗೆ ಫೋನ್ ಮಾಡ್ತೀಯಲ್ಲ, ಆಗ ಮಾತಾಡೋಣ.

ನಾನು: ಆಗಲಿ ದೊಡ್ಡಪ್ಪ. ಬ್ರೆಡ್ ವಿಡಿಯೊ ಯಾರ್ಯಾರಿಗೆ ಕಳಿಸಿದ್ದೀರೋ, ಅವರಿಗೆಲ್ಲ ಮುಚ್ಚಳ ತೆಗೆಯುವ ವಿಡಿಯೊನೂ ಕಳಿಸಿ. ಕಿಟಕಿ, ಕಾಯಿಲೆಯ ವಿಷಯ ಕೆಳಗೆ ಬರೆಯಿರಿ.

ದೊಡ್ಡಪ್ಪ: ವಿಡಿಯೊ ಆಗಲೇ ಕಳಿಸಿದ್ದೇನೆ. ಬರೆಯುವುದನ್ನು ನೀನೇ ಬರೆದು ಕಳಿಸು.