ಗಾಜಿನ ಕಪಾಟಿಗೆ ಕಟ್ಟಿಗಿ ಬೀಡಿಂಗೋ, ಪಿವಿಸಿ ಬೀಡಿಂಗೋ?

ಬಾಗಲಕೋಟೆ ನವನಗರದಿಂದ ಕೇಳಿದ್ದು:
ಇಳಕಲ್ಲದ ಸೀರಿ ಅಂಗಡಿಗೆ ಗಾಜಿನ ಬಾಗಲದ ಕಪಾಟು ಹಿಡದೀನ್ರಿ. ಸಾಗವಾನಿ ಚೌಕಟ್ಟು, 4 ಎಂಎಂ ಗಾಜು, ಬಾಗಲು ಭಾಳ ಅದಾವ. ಗಾಜು ಹಿಡಿಯಾಕ ಅಂಚಿಗೆ ಹಾಕೋ ಸಣ್ಣ ಪಟ್ಟಿ, ಅಂದ್ರ ಬೀಡಿಂಗ್, ಕಟ್ಟಿಗಿದು ಹೊಡೀಲೋ, ರೋಲಿನ್ಯಾಗ ಬರೋ ಪಿವಿಸಿ ಪಟ್ಟಿ ಒತ್ತಲೋ? ಮಾಲಕರು ‘ಲಗೂ ಆಗಬೇಕು, ಗಾಜು ಒಡದ್ರ ಸುಲಭ ಬದಲಿ ಆಗಬೇಕು’ ಅಂತಾರ. ಎರಡೂ ಹಾಕಿದವರು ಹೇಳ್ರಿ.

ಬೆಳಗಾವಿಯವರು:
ಲಗೂ ಅಂದ್ರ ಪಿವಿಸಿನ ಖರೆ, ಆದ್ರ ಕೆಲಸ ಮೊದಲಽ ಇರತೈತಿ. ಪಟ್ಟಿಗೆ ಮುಳ್ಳುಮುಳ್ಳಿನ ಬಾಲ ಇರತೈತಲ್ಲ, ಅದು ಕೂಡಾಕ ರಿಬೇಟಿನ (ಗಾಜು ಕೂಡಾಕ ಚೌಕಟ್ಟಿನ್ಯಾಗ ಕೊರದ ಮೆಟ್ಟಲಿನ) ಗ್ವಾಡಿಗೆ ಸಣ್ಣ ಗ್ರೂವ್ (ಉದ್ದಕ್ಕ ಕೊರದ ಸಂದು) ಬೇಕು. ಚೌಕಟ್ಟು ಜೋಡಸೋಕಿಂತ ಮೊದಲ ಹೊಡಕೋರಿ. ಜೋಡಿಸಿದ ಮ್ಯಾಲ ಮೂಲ್ಯಾಗ ಬ್ಲೇಡು ಹೋಗಂಗಿಲ್ಲ. ಮೊದಲ ರೋಲು ತಂದು, ಒಂದು ಕಟ್ಟಿಗಿ ಚೂರಿನ ಮ್ಯಾಲ ಗ್ರೂವ್ ಹೊಡದು, ಗಾಜಿಟ್ಟು ಒತ್ತಿ ನೋಡ್ರಿ. ಸಡಲಾದ್ರ ಗಾಜು ಗಲಗಲ ಅಂತೈತಿ, ಬಿಗಿಯಾದ್ರ ಪಟ್ಟಿ ಕೂಡೂದಿಲ್ಲ.

ಇನ್ನೊಂದು ಮಾತು. ಪಿವಿಸಿಗೆ ಗ್ರೂವ್ ಹೊಡದ್ರ ಗಾಜಿನ ದಪ್ಪ ಅಲ್ಲಿಗೇ ಗಟ್ಟಿ. ನಾಳೆ ಅವರು 5 ಎಂಎಂ ತಂದ್ರ ಆ ಪಟ್ಟಿ ಹಿಡಿಯೂದಿಲ್ಲ. ಕಟ್ಟಿಗಿ ಬೀಡಿಂಗ್ ಆದ್ರ ಒಂದು ಗೀರು ಉಜ್ಜಿ ಕೂಡಸಬಹುದು. ಕಮಾನಿನ ಬಾಗಲಿದ್ರ ಮಾತ್ರ ಪಿವಿಸಿ ಬಾಗತೈತಿ, ಕಟ್ಟಿಗಿಯವ್ರು ಬೆವರು ಸುರಿಸಬೇಕಾಕೈತಿ.

ಗಾಜಿನ ಭಾರ ಬೀಡಿಂಗ್ ಮ್ಯಾಲ ಬಿಡಬ್ಯಾಡ್ರಿ. 4 ಎಂಎಂ ಗಾಜು ಒಂದು ಚದರ ಮೀಟರಿಗೆ ಸುಮಾರು 10 ಕಿಲೋ. ಅದು ಕೆಳಗಿನ ರಿಬೇಟಿನ ಮ್ಯಾಲ ಸಣ್ಣ ರಬ್ಬರ್ ಚೂರಿನ ಮ್ಯಾಲ ಕೂಡಬೇಕು. ಯಾವ ಬೀಡಿಂಗೇ ಆಗಲಿ, ಅದರ ಕೆಲಸ ಗಾಜು ಹೊರಗ ಬೀಳಧಂಗ ತಡಿಯೂದು ಅಷ್ಟ.

ವಿಜಯಪುರದವರು:
ನಮ್ಮ ಕಡೆ ಬ್ಯಾಸಗಿ ಬಿಸಲು ಗೊತ್ತಽ ಐತಲ್ರಿ. ಪಡವಲ ದಿಕ್ಕಿನ ಕಿಡಕಿ ಎದುರು ಕಪಾಟಿದ್ರ ಪಿವಿಸಿ ಮೂಲಿ ಬಿಡತೈತಿ. 20 ಡಿಗ್ರಿ ಹೆಚ್ಚು ಕಡಿಮಿ ಆದ್ರ ಒಂದು ಮೀಟರ್ ಗಟ್ಟಿ ಪಿವಿಸಿ ಪಟ್ಟಿ ಒಂದು ಎಂಎಂಗೂ ಮಿಕ್ಕಿ ಹಿಗ್ಗಿ ಕುಗ್ಗತೈತಿ. ಮೆತ್ತಂದು ಇನ್ನೂ ಹೆಚ್ಚ. ಕಟ್ಟಿಗಿ ಉದ್ದಕ್ಕ ಅಷ್ಟು ಕುಗ್ಗೂದಿಲ್ಲ. ಪಟ್ಟಿ ಎಳೆದು ಕತ್ತರಿಸಬ್ಯಾಡ್ರಿ, ರೋಲು ಬಿಚ್ಚಿ ಒಂದು ದಿನ ಬಿಟ್ಟು ಆಮ್ಯಾಲ ಒಂದು ಕೂದಲೆಳಿ ಉದ್ದ ಕತ್ತರಿಸಿ, ಎರಡು ತುದಿ ಮೂಲಿಗೆ ಕೂಡಿಸಿ ನಡಕಿಂದು ಒತ್ತರಿ.

ಖಾನಾಪುರದವರು:
ಹೊಸಾ ಪಾಲಿಶ್ ಪೂರಾ ಒಣಗೂಕಿಂತ ಮೊದಲ ಮೆತ್ತಾನ ಪಿವಿಸಿ ಒತ್ತಬ್ಯಾಡ್ರಿ. ಪಾಲಿಶ್ ಮೆತ್ತಗಾಗಿ ಪಟ್ಟಿಗೆ ಅಂಟತೈತಿ. ಮಳಿಗಾಲದಾಗ ನಮ್ಮಲ್ಲಿ ಪಾಲಿಶ್ ಒಣಗೂದು ನಿಧಾನ.

ಇಳಕಲ್ಲದವರು, ಅಂಗಡಿ ಕಡೆಯವರು:
ಬಡಗ್ಯಾರು ಗಾಜು ನೋಡತಾರ, ನಾವು ಸೀರಿ ನೋಡತೀವಿ. ಬೀಡಿಂಗ್ ಒಳಗಿನ ಕಡೆ ಬರತೈತಿ. ಪಿನ್ ಮೊಳಿ ಒಂದರ ತಲಿ ಎದ್ದಿದ್ರೂ ರೇಷ್ಮಿ ಸೆರಗು ಸಿಕ್ಕು ಎಳಿ ಹೊರಗ ಬರತೈತಿ, ಆ ಸೀರಿ ಯಾರೂ ಕೊಳ್ಳೂದಿಲ್ಲ. ಕಟ್ಟಿಗಿ ಹಾಕಿದ್ರ ಮೊಳಿ ಬ್ಯಾಡ, ಸಣ್ಣ ಹಿತ್ತಾಳಿ ಸ್ಕ್ರೂ ಹಾಕಿ ತಲಿ ಕಟ್ಟಿಗಿ ಒಳಗ ಇಳಸ್ರಿ. ಗಾಜು ಬದಲಿಗೂ ಅದಽ ಛಲೋ. ಮೊಳಿ ಕೀಳಾಕ ಹೋದ್ರ ಬೀಡಿಂಗ್ ಸೀಳತೈತಿ. ಫೆವಿಕಾಲ್ ಅಂತೂ ಬೀಡಿಂಗಿಗೆ ಮುಟ್ಟಸಬ್ಯಾಡ್ರಿ.

ಬೆಳಗಾವಿಯವರು ಮತ್ತ:
ಇಳಕಲ್ಲದ ಅಕ್ಕಾರ ಮಾತು ಖರೆ. ಹಂಗಾದ್ರ ನನ್ನ ಮತ ಹಿಂಗ: ಗಿರಾಕಿ ಕೈಗೆ ಸಿಗೋ ಮುಂದಿನ ಸಾಲಿಗೆ ಸಾಗವಾನಿ ಬೀಡಿಂಗ್, ಸ್ಕ್ರೂ ಹಾಕಿ. ಮ್ಯಾಲಿನ ಸಾಲು ಬಿಸಲಿಗೆ ಬೀಳದಿದ್ರ ಪಿವಿಸಿ ನಡೀತೈತಿ. ಒಳಗ ಕನ್ನಡಿ ಇದ್ರ ಹುಳಿವಾಸನಿ ಬರೋ ಸಿಲಿಕಾನ್ ಅಂಟು ಹಚ್ಚಬ್ಯಾಡ್ರಿ, ಕನ್ನಡಿ ಬೆನ್ನಿನ ಬೆಳ್ಳಿ ಕಪ್ಪಾಗತೈತಿ.

ನವನಗರದಿಂದ:
ಮುಂದಿನ ಸಾಲಿಗೆ ಸ್ಕ್ರೂ ಅಂತ ಮಾಲಕರಿಗೆ ಹೇಳತೀನಿ. ಪಿವಿಸಿ ಚೂರು ಒಂದು ತರಿಸಿ ಮಾಳಿಗಿ ಮ್ಯಾಲ ಬಿಸಲಾಗ ಇಟ್ಟು ನೋಡತೀನ್ರಿ, ಎಷ್ಟು ಹಿಗ್ಗತೈತಿ ಅಂತ. ಸಾಗವಾನಿ ಬಣ್ಣಕ್ಕ ಹೊಂದೋ ಕಂದು ರೋಲು ಯಾರಿಗರ ಸಿಕ್ಕೈತೇನು?