‘ಡೈವ್ ಸೈಟ್’ಗೆ ಏನನ್ನೋಣ? ‘ಮುಳುಗುತಾಣ’ ಸರಿ ಕಾಣುತ್ತಿಲ್ಲ

ಮಡಿಕೇರಿಯಿಂದ:
ಗೆಳೆಯರೇ, ನಾಳೆ ಸಂಜೆಯೊಳಗೆ ಪದ ಬೇಕು. ತಂಗಿಯ ಮಗ ಬಾಲಿಯ ತುಲಂಬೆನ್‌ನಲ್ಲಿ ಸ್ಕೂಬಾ ಮಾಡಿ, ಅಂದರೆ ಉಸಿರಾಟಕ್ಕೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸಮುದ್ರದೊಳಗೆ ಇಳಿದು, ತೆಗೆದ ಫೋಟೋಗಳನ್ನು ಇಲ್ಲಿ ಶಾಲೆಯ ಮಕ್ಕಳಿಗೆ ತೋರಿಸುತ್ತಿದ್ದಾನೆ. ಫಲಕ ಬರೆಯುವ ಕೆಲಸ ನನ್ನದು. ‘ಮುಳುಗುತಾಣ’ ಅಂತ ಬರೆದೆ. ಅಮ್ಮ ಓದಿ, “ಅಯ್ಯೋ, ಅಲ್ಲಿ ಎಷ್ಟು ಜನ ಹೋದರು?” ಅಂದರು. ಜಲಪಾತದ ಹತ್ತಿರದ ಎಚ್ಚರಿಕೆ ಬೋರ್ಡುಗಳನ್ನು ನೋಡಿದವರಿಗೆ ಹಾಗೇ ಅನಿಸುತ್ತದೆ ಅಲ್ವಾ?

ಇನ್ನೊಂದು ತೊಡಕಿದೆ. ಅಲ್ಲಿ ಎಲ್ಲರೂ ನೋಡಲು ಇಳಿಯುವುದು ಲಿಬರ್ಟಿ ಅನ್ನುವ ಹಡಗನ್ನು. 1942ರಲ್ಲಿ ಜಪಾನಿನ ಸಬ್‌ಮರೀನ್ ಹೊಡೆದ ಮೇಲೆ ಅದನ್ನು ದಡಕ್ಕೆ ತಂದು ಬಿಟ್ಟರು. 1963ರಲ್ಲಿ ಅಗುಂಗ್ ಜ್ವಾಲಾಮುಖಿ ಸಿಡಿದಾಗ ನೆಲ ನಡುಗಿ ಹಡಗು ನೀರಿಗೆ ಜಾರಿತು. ‘ಮುಳುಗಿದ ಹಡಗಿನ ಮುಳುಗುತಾಣ’ ಅಂತ ಬರೆಯೋಕಾಗುತ್ತಾ?

ಸೋಮವಾರಪೇಟೆಯಿಂದ:
‘ನಿಮಜ್ಜನ ಸ್ಥಳ’ ಅನ್ನಿ, ಮುಗೀತು. ಸಂಸ್ಕೃತ ಬೇಡ ಅನ್ನುವವರು ಮೊದಲು ‘ಹವಳ’ವನ್ನು ಬಿಡಲಿ. ಸಂಸ್ಕೃತದ ಪ್ರವಾಳ ಪವಳವಾಯಿತು. ಆಮೇಲೆ ಪಾಲು ಹಾಲಾದ ಹಾಗೆ ಪವಳ ಹವಳವಾಯಿತು.

ಗೋಣಿಕೊಪ್ಪದಿಂದ:
ನಿಮಜ್ಜನ ಬೇಡವೇ ಬೇಡ. ಫಲಕದ ಮುಂದೆ ನಿಂತ ಮಗು ಅದರ ಅರ್ಥವನ್ನು ಯಾರನ್ನು ಕೇಳಬೇಕು? ಪದ ನಮ್ಮ ಬಾಯಲ್ಲೇ ಇದೆ. ತುಲಾ ಸಂಕ್ರಮಣಕ್ಕೆ ಭಾಗಮಂಡಲಕ್ಕೆ ಹೋದವರು ಬಂದು ಏನನ್ನುತ್ತಾರೆ? “ಮೂರು ಮುಳುಗು ಹಾಕಿ ಬಂದೆ.” ಕೇಳಿ ಯಾರೂ ಗಾಬರಿಯಾಗಲ್ಲ. ಮುಳುಗಿದ ಅಂದರೆ ತಾನಾಗಿ ಆದದ್ದು. ಮುಳುಗು ಹಾಕಿದ ಅಂದರೆ ಬೇಕೆಂದೇ ಒಳಗೆ ಹೋಗಿ ಮೇಲೆ ಬಂದದ್ದು. ‘ಹಾಕು’ ಸೇರಿದರೆ ಸಾವಿನ ನೆರಳು ಹೋಯಿತು. ‘ಮುಳುಗು ಹಾಕುವ ಜಾಗ’ ಅಂತ ಬರೆಯಿರಿ. ಸ್ಕೂಬಾ ಹಾಗೇ ಇರಲಿ, ಬಸ್ಸು ಇಲ್ಲವೇ?

‘ಕೋರಲ್ ರೀಫ್’ಗೆ ‘ಹವಳದ ಬಂಡೆ’ ಅಂತ ಮಾತ್ರ ಬರೆಯಬೇಡಿ. ಅಲ್ಲಿನ ಬಂಡೆ, ಕಪ್ಪು ಮರಳು ಜ್ವಾಲಾಮುಖಿಯವು. ಹವಳ ಜೀವ ಇರುವಂಥದ್ದು, ಹಡಗಿನ ಕಬ್ಬಿಣದ ಮೇಲೂ ಹತ್ತಿ ಬೆಳೆದಿದೆ. ‘ಹವಳದ ದಿಬ್ಬ’ ಸಾಕು.

ಸೋಮವಾರಪೇಟೆಯಿಂದ:
ಮುಳುಗು ಹಾಕುವುದು ತೀರ್ಥಸ್ನಾನಕ್ಕೆ. ಸಿಲಿಂಡರ್ ಕಟ್ಟಿಕೊಂಡು ಅಷ್ಟು ಹೊತ್ತು ಕೆಳಗಿರುವುದಕ್ಕಲ್ಲ. ಹೀಗೇ ಎಳೆದರೆ ಯಾವ ಪದಕ್ಕೂ ಅರ್ಥ ಉಳಿಯಲ್ಲ.

ಗೋಣಿಕೊಪ್ಪದಿಂದ:
ಹೊತ್ತು ಜಾಸ್ತಿಯಾದರೆ ಕ್ರಿಯಾಪದ ಬದಲಾಗಬೇಕಾ? ಪದ ಬೆಳೆಯುವುದೇ ಹಾಗೆ.

ಮಡಿಕೇರಿಯಿಂದ:
‘ಮುಳುಗು ಹಾಕುವ ಜಾಗ’ವನ್ನು ಅಮ್ಮನಿಗೆ ಓದಿ ಹೇಳಿದೆ. “ನೀರು ತಣ್ಣಗಿತ್ತಾ?” ಅಂತ ಕೇಳಿದರು. ಅದನ್ನೇ ಅಚ್ಚಿಗೆ ಕೊಟ್ಟೆ. ಇನ್ನೊಂದು ಫಲಕ ಬಾಕಿ ಇದೆ. ಕಪ್ಪು ಮರಳಿನಿಂದ ಅರ್ಧ ಮೈ ಹೊರಗೆ ಹಾಕಿ, ಗುಂಪಾಗಿ ನಿಂತು ತೂಗಾಡುವ ‘ಗಾರ್ಡನ್ ಈಲ್’. ‘ತೋಟದ ಹಾವುಮೀನು’ ಅಂದರೆ ಇಲ್ಲಿಯ ಮಕ್ಕಳು ಕಾಫಿ ತೋಟದಲ್ಲಿ ಹುಡುಕುತ್ತಾರೆ. ಏನನ್ನೋಣ?